ಹಿಂದಿನ ಎರಡು ಚಕ್ರಗಳು

ನನ್ನ ಮಗ ಟರ್ಬೊ ಇಂಜಿನ್ನಿನ ಆ ಕೆಂಪು ಕಾರು ಕೊಂಡಾಗ ಅದರ ಕುದುರೆಶಕ್ತಿ ಎಷ್ಟು, ಸೊನ್ನೆಯಿಂದ ನೂರು ಕಿಲೋಮೀಟರು ವೇಗಕ್ಕೆ ಎಷ್ಟು ಸೆಕೆಂಡು ಸಾಕು, ಸೈಲೆನ್ಸರು ಹೇಗೆ ಗುಡುಗುತ್ತದೆ ಎಂದು ಮನೆಗೆ ಬಂದವರಿಗೆಲ್ಲ ವರ್ಣಿಸಿದ. ನಾನು ಕಾಫಿ ಕೊಡುತ್ತಾ ಎಲ್ಲವನ್ನೂ ಕೇಳಿಸಿಕೊಂಡೆ. ಟಯರಿನ ಮಾತು ಮಾತ್ರ ಒಬ್ಬರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಚಿನ್ನದಂಗಡಿಯಲ್ಲಿ ಸರದ ಕೊಂಡಿ ಗಟ್ಟಿಯಿದೆಯೇ ಎಂದು ಹತ್ತು ಸಲ ಎಳೆದು ನೋಡುವ ಹೆಂಗಸು ನಾನು. ಮನೆಮಂದಿಯನ್ನೆಲ್ಲ ಹೊತ್ತು ಓಡುವ ಕಾರು ನೆಲಕ್ಕೆ ಯಾವುದರಿಂದ ಅಂಟಿಕೊಂಡಿದೆ ಎಂದು ಬಗ್ಗಿ ನೋಡಲಿಲ್ಲ.

ಕಳೆದ ವರ್ಷ ಜೂನ್ ತಿಂಗಳು. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೊರಟಿದ್ದೆವು. ಮುಂದೆ ಮಗ, ಸೊಸೆ. ಹಿಂದೆ ನಾನು ಮತ್ತು ನಾಲ್ಕು ವರ್ಷದ ಮೊಮ್ಮಗಳು. ತರೀಕೆರೆ ದಾಟಿದ ಮೇಲೆ ಮಳೆ ಹಿಡಿಯಿತು. ಒಂದು ತಿರುವಿನಲ್ಲಿ ದೂರದಲ್ಲಿ ನಿಂತಿದ್ದ ಲಾರಿ ಕಂಡು ಮಗ ಆಕ್ಸಿಲರೇಟರಿನಿಂದ ಕಾಲು ತೆಗೆದ. ಅಷ್ಟೇ, ಬ್ರೇಕು ಕೂಡ ಒತ್ತಿರಲಿಲ್ಲ. ಯಾರೋ ಬಾಲ ಹಿಡಿದು ಎಳೆದ ಹಾಗೆ ಕಾರಿನ ಹಿಂಭಾಗ ಪಕ್ಕಕ್ಕೆ ಹೊರಳಿತು. ಅವನು ಸ್ಟೀರಿಂಗನ್ನು ಆ ಕಡೆ ಈ ಕಡೆ ತಿರುಗಿಸಿದ. ಎಡಗಡೆ ಇದ್ದ ಅಡಿಕೆ ತೋಟ ಎದುರಿಗೆ ಬಂತು, ಆಮೇಲೆ ಬಲಕ್ಕೆ ಹೋಯಿತು. ಕಾರು ನಾವು ಬಂದ ದಾರಿಗೇ ಮುಖ ಮಾಡಿಕೊಂಡು ಚರಂಡಿಯ ಅಂಚಿನಲ್ಲಿ ನಿಂತಿತು. ಹಿಂದೆ ಬೇರೆ ಬಸ್ಸಿರಲಿಲ್ಲ, ನಮ್ಮ ಪುಣ್ಯ. ಮೊಮ್ಮಗಳು “ಇನ್ನೊಂದು ಸಲ” ಅಂದಳು. ಸೊಸೆ ಮಾತಾಡಲಿಲ್ಲ.

“ರಸ್ತೆ ಜಾರಿತಮ್ಮ” ಅಂದ ಮಗ. ನನಗೆ ನಂಬಿಕೆ ಬರಲಿಲ್ಲ. ಅದೇ ರಸ್ತೆಯಲ್ಲಿ ನಮ್ಮ ಮುಂದೆ ಒಂದು ಹಳೇ ಅಂಬಾಸಿಡರು ತನ್ನ ಪಾಡಿಗೆ ಹೋಗಿತ್ತು. ಮಳೆ ನಿಂತ ಮೇಲೆ ಇಳಿದು ನೋಡಿದೆ. ಮುಂದಿನ ಎರಡು ಟಯರು ಹೊಚ್ಚಹೊಸವು; ಹದಿನೈದು ದಿನದ ಹಿಂದೆ ಹಾಕಿಸಿದ್ದು. ಹಿಂದಿನವು ಮೂರು ವರ್ಷ ಹಾಕಿದ ಹವಾಯಿ ಚಪ್ಪಲಿಯ ಹಿಮ್ಮಡಿಯಂತೆ ನುಣ್ಣಗಾಗಿದ್ದವು. ಪಾಚಿಗಟ್ಟಿದ ಬಚ್ಚಲಂಗಳದಲ್ಲಿ ಅಂಥ ಚಪ್ಪಲಿ ಹಾಕಿ ನಡೆದವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ.

ಟಯರಂಗಡಿಯವನು ಹೇಳಿದ್ದನಂತೆ: “ಸಾರ್, ಇಂಜಿನ್ ಎಳೆಯೋದು ಮುಂದಿನ ಚಕ್ರ, ತಿರುಗೋದು ಮುಂದಿನ ಚಕ್ರ, ಜಾಸ್ತಿ ಬ್ರೇಕ್ ಹಿಡಿಯೋದೂ ಮುಂದಿನ ಚಕ್ರ. ಹೊಸದು ಮುಂದಕ್ಕೇ ಹಾಕ್ಬೇಕು.” ಕೇಳಲು ಎಷ್ಟು ಚೆನ್ನಾಗಿದೆ! ನೂರಕ್ಕೆ ತೊಂಬತ್ತು ಗಂಡಸರು ಇದನ್ನು ಕೇಳಿ ತಲೆಯಾಡಿಸಿ ದುಡ್ಡು ಎಣಿಸಿಕೊಟ್ಟು ಬರುತ್ತಾರೆ. ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅದು ಟಯರು ಬೇಗ ಸವೆಯುವುದೆಲ್ಲಿ ಎಂಬುದರ ಲೆಕ್ಕ. ಕಾರು ದಾರಿಯಲ್ಲಿ ನೆಟ್ಟಗೆ ನಿಲ್ಲುವುದು ಯಾವುದರಿಂದ ಎಂಬ ಲೆಕ್ಕವೇ ಬೇರೆ.

ಸ್ವಲ್ಪ ತಾಳ್ಮೆಯಿಂದ ಕೇಳಿ, ಇದು ಬ್ರಹ್ಮವಿದ್ಯೆಯಲ್ಲ. ಒಂದು ಟಯರು ನೆಲಕ್ಕೆ ತಾಗುವ ಜಾಗ ಸುಮಾರು ನಮ್ಮ ಅಂಗೈಯಷ್ಟು. ನಾಲ್ಕು ಅಂಗೈ, ಅದರ ಮೇಲೆ ಸಾವಿರ ಕಿಲೋಗಿಂತ ಹೆಚ್ಚು ತೂಕ. ತಿರುವಿನಲ್ಲಿ ರಬ್ಬರು ಸ್ವಲ್ಪ ತಿರುಚಿಕೊಳ್ಳುತ್ತದೆ. ಚಕ್ರ ನೋಡುವ ದಿಕ್ಕು ಒಂದು, ಅದು ಸಾಗುವ ದಿಕ್ಕು ಅದಕ್ಕಿಂತ ಎರಡು ಮೂರು ಡಿಗ್ರಿ ಆಚೆ. ಆ ತಿರುಚಿನಿಂದಲೇ ಕಾರನ್ನು ತಿರುವಿನೊಳಕ್ಕೆ ತಳ್ಳುವ ಬಲ ಹುಟ್ಟುತ್ತದೆ. ಮುಂದಿನ ಚಕ್ರಗಳ ಹಿಡಿತ ಮೊದಲು ಸಡಿಲವಾದರೆ ಕಾರು ತಿರುಗಲು ಹಟ ಮಾಡಿ ನೇರಕ್ಕೆ ಹೋಗುತ್ತದೆ. ಯಾರೇ ಆದರೂ ಆಗ ಹೆದರಿ ಕಾಲು ತೆಗೆಯುತ್ತಾರೆ. ಬಸ್ಸು ಬ್ರೇಕು ಹಾಕಿದರೆ ನಾವೆಲ್ಲ ಮುಂದಕ್ಕೆ ವಾಲುತ್ತೇವಲ್ಲ, ಹಾಗೆ ಭಾರ ಮುಂದಕ್ಕೆ ಬಂದು, ಮುಂದಿನ ಟಯರು ಮತ್ತೆ ನೆಲ ಕಚ್ಚುತ್ತದೆ. ಹಿಂದಿನ ಚಕ್ರ ಮೊದಲು ಜಾರಿದರೆ? ಆಗಲೂ ಹೆದರಿದ ಕಾಲು ಆಕ್ಸಿಲರೇಟರು ಬಿಡುತ್ತದೆ, ಭಾರ ಮುಂದಕ್ಕೆ ಓಡುತ್ತದೆ, ಹಿಂದಿನ ಚಕ್ರಕ್ಕಿದ್ದ ಅಲ್ಪಸ್ವಲ್ಪ ಹಿಡಿತವೂ ಹೋಗಿ ಕಾರು ಬುಗುರಿಯಾಗುತ್ತದೆ. ಕಾಪಾಡಬೇಕಾದ ಹೆದರಿಕೆಯೇ ಅಲ್ಲಿ ಕೊಲ್ಲುತ್ತದೆ. ಇದಕ್ಕಾಗಿಯೇ ಎರಡೇ ಟಯರು ಕೊಳ್ಳುವುದಾದರೆ ಹೊಸವನ್ನು ಹಿಂದಕ್ಕೆ ಹಾಕಿ ಎಂದು ಮಿಶೆಲಿನ್‌ನಂಥ ಟಯರು ತಯಾರಕರೇ ಹೇಳುತ್ತಾರೆ. ಇಂಜಿನ್ನು ಮುಂದಿನ ಚಕ್ರ ಎಳೆದರೂ ಅಷ್ಟೇ. ಮಾಡುವವನು ಹೇಳಿದ್ದು ಮಾರುವವನ ಕಿವಿಗೆ ಬಿದ್ದಿಲ್ಲ.

ಇದು ಇಂದಿನ ವಿದ್ಯೆಯೂ ಅಲ್ಲ. 1959ರ ಕೊನೆಯಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ ಷೆವರ್ಲೆ ಕಾರ್ವೇರ್ ಎಂಬ ಕಾರನ್ನು ತಂದಿತು. ಇಂಜಿನ್ನು ಹಿಂದೆ, ಭಾರವೆಲ್ಲ ಹಿಂದೆ. ಮೋನ್ಜಾ ಎಂಬ ಸೊಗಸಿನ ಮಾದರಿ ಬಂತು, 1962ರಲ್ಲಿ ಅದಕ್ಕೆ ಟರ್ಬೊ ಕೂಡ ಬಂತು. ಹುಡುಗರು ಮುಗಿಬಿದ್ದರು. ಹಿಂದಿನ ಚಕ್ರಗಳ ಜೋಡಣೆ ಹೇಗಿತ್ತೆಂದರೆ ಜೋರು ತಿರುವಿನಲ್ಲಿ ಚಕ್ರ ಒಳಮಡಚಿಕೊಳ್ಳುವ ಅಪಾಯವಿತ್ತು. ಮುಂದುಗಡೆ ಒಂದು ಕಬ್ಬಿಣದ ಸರಳು ಹಾಕಿದ್ದರೆ ಎಷ್ಟೋ ಸರಿಹೋಗುತ್ತಿತ್ತು. 1964ರ ಮಾದರಿಯವರೆಗೆ ಅದನ್ನು ಎಲ್ಲ ಕಾರಿಗೂ ಹಾಕಲಿಲ್ಲ. ಬದಲಿಗೆ ಏನು ಮಾಡಿದರು ಗೊತ್ತೇ? ಟಯರಿನ ಗಾಳಿಯ ಮೇಲೆ ಭಾರ ಹಾಕಿದರು. ಮುಂದಿನ ಟಯರಿಗೆ 15 ಪೌಂಡು, ಹಿಂದಿನದಕ್ಕೆ 26. ಮುಂದಿನವು ಮೆತ್ತಗಿದ್ದರೆ ಸ್ಟೀರಿಂಗಿಗೆ ತುಸು ನಿಧಾನವಾಗಿ ಓಗೊಡುತ್ತವೆ, ಬಾಲ ತಾನಾಗಿ ಮುಂದೆ ನುಗ್ಗುವುದಿಲ್ಲ ಎಂಬುದು ಲೆಕ್ಕ. ಲೆಕ್ಕ ಸರಿಯೇ. ಆದರೆ ಪೆಟ್ರೋಲು ಬಂಕಿನ ಹುಡುಗನಿಗೆ ಅದು ಗೊತ್ತಿರಬೇಕಲ್ಲ! ಅವನು ನಾಲ್ಕಕ್ಕೂ ಒಂದೇ ಸಮ ತುಂಬಿ ಕಳಿಸಿದರೆ ಇಂಜಿನಿಯರುಗಳ ಲೆಕ್ಕವೆಲ್ಲ ಗಾಳಿಗೇ ಹೋಯಿತು.

ರಾಲ್ಫ್ ನೇಡರ್ ಎಂಬ ವಕೀಲ 1965ರಲ್ಲಿ ಬರೆದ ಪುಸ್ತಕದ ಮೊದಲ ಅಧ್ಯಾಯವೇ ಈ ಕಾರಿನ ಮೇಲೆ. ಕಾರು ಮಗುಚಿ ಕೈ ಕಳೆದುಕೊಂಡ ಒಬ್ಬ ಹೆಣ್ಣುಮಗಳ ಸಂಗತಿಯಿಂದ ಅದು ಶುರುವಾಗುತ್ತದೆ. ಕಂಪನಿ ಅವನ ಹಿಂದೆ ಪತ್ತೇದಾರರನ್ನು ಬಿಟ್ಟು, 1966ರಲ್ಲಿ ಸೆನೆಟ್ ಸಮಿತಿಯ ಮುಂದೆ ಅದರ ಅಧ್ಯಕ್ಷರೇ ಕ್ಷಮೆ ಕೇಳಬೇಕಾಯಿತು. ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು: 1972ರ ಸರ್ಕಾರಿ ವರದಿ, ಆ ಕಾಲದ ಇತರ ಕಾರುಗಳಿಗಿಂತ ಕಾರ್ವೇರ್ ಕೆಟ್ಟದ್ದೇನಲ್ಲ ಎಂದಿತು. ಇರಲಿ. ನನ್ನ ಜಗಳ ಆ ಒಂದು ಕಾರಿನೊಡನೆ ಅಲ್ಲ. ಸಂಸಾರದ ಜೀವವನ್ನು ಹನ್ನೊಂದು ಪೌಂಡು ಗಾಳಿಯ ವ್ಯತ್ಯಾಸದಲ್ಲಿಟ್ಟು, ಆ ಸಂಗತಿಯನ್ನು ಯಾರೂ ತೆರೆಯದ ಕೈಪಿಡಿಯೊಳಗಿಟ್ಟು, ಮುಂದೆ ಏನಾದರೂ ಆದರೆ “ನೀವು ನೋಡಿಕೊಳ್ಳಬೇಕಿತ್ತು” ಎನ್ನುವ ಬುದ್ಧಿಯೊಡನೆ.

ಜರ್ಮನಿಯ ಪೋರ್ಷೆಯವರದೂ ಹಿಂದೆ ಇಂಜಿನ್ನಿರುವ ಕಾರೇ. ಅವರ 911 ಮಾದರಿ ಮೊದಮೊದಲು ಬಾಲ ಬೀಸುತ್ತಿತ್ತು. ಮುಂದಿನ ಬಂಪರಿನ ಒಳಗೆ ಎರಕದ ಕಬ್ಬಿಣದ ತುಂಡು ಇಟ್ಟು ಸರಿದೂಗಿಸಲು ನೋಡಿದರು! 1969ರ ಮಾದರಿಯಲ್ಲಿ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರವನ್ನು 57 ಮಿಲಿಮೀಟರು ಹೆಚ್ಚಿಸಿದರು. ಆಮೇಲೆ ಹಿಂದಿನ ಟಯರನ್ನು ಅಗಲ ಮಾಡುತ್ತಾ ಬಂದರು. 2019ರಲ್ಲಿ ಬಂದ ಕರೇರಾದಲ್ಲಿ ಮುಂದಿನದು 235 ಮಿಲಿಮೀಟರು ಅಗಲ, ಹಿಂದಿನದು 295. ತಾವು ಪರೀಕ್ಷಿಸಿ ಒಪ್ಪಿದ ಟಯರಿಗೆ ‘ಎನ್’ ಎಂಬ ಗುರುತು ಹಾಕಿಸುತ್ತಾರೆ; ಮುಂದೊಂದು ಬಗೆ ಹಿಂದೊಂದು ಬಗೆ ಬೆರೆಸಬೇಡಿ ಎನ್ನುತ್ತಾರೆ. ಕೋಟಿಗಟ್ಟಲೆ ಬೆಲೆಯ ಕಾರು ಮಾಡುವವನು ರಬ್ಬರಿಗೆ ಇಷ್ಟು ಮರ್ಯಾದೆ ಕೊಡುವಾಗ, ನಮ್ಮ ಹುಡುಗರು ಬಾಯಲ್ಲಿ ಪೋರ್ಷೆಯ ಜಪ ಮಾಡುತ್ತಾ ಸಿಕ್ಕಿದ ಎರಡು ಟಯರು ಹಾಕಿಸಿಕೊಂಡು ಬರುತ್ತಾರೆ.

ಇಲ್ಲವೇ ಅಗಲದ ಹುಚ್ಚು ಹಿಡಿಯುತ್ತದೆ. ಕಂಪನಿ ಕೊಟ್ಟದ್ದನ್ನು ತೆಗೆದು ಎರಡು ಇಂಚು ದೊಡ್ಡ ರಿಮ್ಮು, ಅದಕ್ಕೆ ಬಳೆಯಷ್ಟು ತೆಳು ಗೋಡೆಯ ಅಗಲ ಟಯರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ಒಣ ರಸ್ತೆಯಲ್ಲಿ ಸ್ಟೀರಿಂಗು ಚುರುಕಾಗುತ್ತದೆ, ನಿಜ. ಅದೇ ಟಯರು ನೀರು ನಿಂತಲ್ಲಿ ಬೇಗ ತೇಲುತ್ತದೆ, ರಸ್ತೆಯ ಗಾಡಿಜಾಡು ಸಿಕ್ಕಿದರೆ ಅದರ ಹಿಂದೆ ಹೋಗಲು ಸ್ಟೀರಿಂಗನ್ನು ಕೈಯಿಂದ ಕಸಿಯುತ್ತದೆ. ರಿಮ್ಮು ಅಳತೆ ಮೀರಿ ಹೊರಗೆ ಚಾಚಿದ್ದರೆ, ಒಂದು ಚಕ್ರ ಮರಳಿನ ಮೇಲಿರುವಾಗ ಬ್ರೇಕು ಹಾಕಿ ನೋಡಿ, ಸ್ಟೀರಿಂಗು ಹೇಗೆ ಜಗ್ಗುತ್ತದೆಂದು. ಬೇಡ, ನೋಡಬೇಡಿ.

“ಇಎಸ್‌ಪಿ ಇದೆಯಲ್ಲಮ್ಮ, ಕಂಪ್ಯೂಟರ್ ನೋಡಿಕೊಳ್ಳುತ್ತೆ” ಎಂದು ಮಗ ವಾದಿಸಿದ. ಆ ದಿನವೂ ಇತ್ತಲ್ಲಪ್ಪಾ ಎಂದೆ. ಆ ಯಂತ್ರ ಒಂದೊಂದೇ ಚಕ್ರದ ಬ್ರೇಕು ಹಿಡಿದು ಕಾರನ್ನು ದಾರಿಗೆ ತರುತ್ತದೆ. ಆದರೆ ಅದರ ಬೇರು ಅದೇ ನಾಲ್ಕು ಅಂಗೈ ರಬ್ಬರಿನಲ್ಲಿದೆ. ಇಲ್ಲದ ಹಿಡಿತವನ್ನು ಅದು ಎಲ್ಲಿಂದ ತಂದುಕೊಡಬೇಕು?

ಇನ್ನು ನಮ್ಮ ಮಾತು. “ಅದೆಲ್ಲ ಗಂಡಸರ ವಿಷಯ” ಎಂದು ಕಿಟಕಿಯಾಚೆ ನೋಡುತ್ತಾ ಕೂತದ್ದು ಸಾಕು. ಹಾಲಿನ ಪ್ಯಾಕೆಟ್ಟಿನ ತಾರೀಕು ಓದುವ ಕಣ್ಣಿಗೆ ಟಯರಿನ ತಾರೀಕು ಕಾಣದೇ? ಅದರ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 3519 ಎಂದಿದ್ದರೆ 2019ರ ಮೂವತ್ತೈದನೆಯ ವಾರದಲ್ಲಿ ಹುಟ್ಟಿದ್ದು. ಗೀರುಗಳ ತಳದಲ್ಲಿ ಅಲ್ಲಲ್ಲಿ ಪುಟ್ಟ ದಿಣ್ಣೆ ಇರುತ್ತದೆ. ಮೇಲಿನ ರಬ್ಬರು ಸವೆದು ಅದಕ್ಕೆ ಸಮನಾಯಿತೆಂದರೆ ಉಳಿದದ್ದು 1.6 ಮಿಲಿಮೀಟರು, ಕಾನೂನಿನ ಪ್ರಕಾರ ಕಡೆಯ ಗಡುವು. ಮಳೆಗಾಲದಲ್ಲಿ ಅಲ್ಲಿಯವರೆಗೂ ಕಾಯುವುದು ಹುಂಬತನ. ಗಾಳಿ ಎಷ್ಟಿರಬೇಕೆಂಬುದನ್ನು ಬಹುತೇಕ ಕಾರುಗಳಲ್ಲಿ ಡ್ರೈವರಿನ ಬಾಗಿಲ ಸಂದಿನಲ್ಲೇ ಅಂಟಿಸಿರುತ್ತಾರೆ, ಮುಂದಿನದಕ್ಕೆ ಬೇರೆ, ಹಿಂದಿನದಕ್ಕೆ ಬೇರೆ, ಮನೆಮಂದಿಯೆಲ್ಲ ಕೂತಾಗ ಇನ್ನೂ ಬೇರೆ. ಈಗ ಬಂಕಿನ ಹುಡುಗ “ಎಷ್ಟು ಹಾಕ್ಲಿ ಸಾರ್?” ಎಂದು ಮಗನನ್ನು ಕೇಳಿದರೆ ಹಿಂದಿನ ಸೀಟಿನಿಂದ ಉತ್ತರ ಕೊಡುವವಳು ನಾನು. ಹುಡುಗ ಮೊದಲ ಸಲ ನಕ್ಕ.

ಮೊನ್ನೆ ಮಗ ಮತ್ತೆ ಊರಿಗೆ ಬಂದಿದ್ದ. ಹೊಸ ಟಯರು ಎರಡನ್ನು ಹಿಂದಕ್ಕೆ ಬದಲಾಯಿಸಿದ್ದಾನೆ. ಆದರೆ ಆಗ ಹಿಂದಿದ್ದ ಆ ನುಣ್ಣನೆಯವು ಈಗ ಮುಂದೆ ಕೂತಿವೆ. “ಮುಂದಿನ ತಿಂಗಳು ನೋಡೋಣಮ್ಮ, ಈಗ ಸ್ಪೀಕರ್‌ಗೆ ಖರ್ಚಾಯ್ತು” ಎಂದ. ಹೊರಗೆ ಮಳೆ ಸುರಿಯುತ್ತಿತ್ತು. ಸೊಸೆ ನನ್ನ ಮುಖ ನೋಡಿದಳು. ಅವನು ಭಾನುವಾರ ರಾತ್ರಿಯ ಬಸ್ಸಿಗೆ ಬೆಂಗಳೂರಿಗೆ ಹೋದ. ಕಾರಿನ ಕೀಲಿ ನನ್ನ ಸಾಸಿವೆ ಡಬ್ಬಿಯಲ್ಲಿದೆ.