ಬಂದೂಕಿನ ಬಾಯಿ ಅಷ್ಟ ದೊಡ್ಡದ ಯಾಕ ಬೇಕ್ರಿ?

ಅಕ್ಕಾರ, ವೈನಿಯಾರ, ಓಣ್ಯಾಗಿನ ಕಾಕೂಗೋಳ, ಈ ಸಲ ಅಡಗಿ ಮಾತಲ್ಲ, ಬಂದೂಕಿನ ಮಾತು. "ಅದು ಗಂಡಸರ ವಿಷಯ, ನಮಗ್ಯಾಕ" ಅಂತ ಫೋನ್ ಕೆಳಗ ಇಡಬ್ಯಾಡ್ರಿ. ನಾ ಜಗಳ ತಗದದ್ದ ಆ ಮಾತಿನ ಮ್ಯಾಲ.

ಹೊಳಿದಂಡಿ ಹೊಲ ನನ್ನ ಹೆಸರಿಲೆ ಐತಿ. ಕಾಡಹಂದಿ ಕಬ್ಬಿನಾಗ ಹೊಕ್ಕು ಬುಡಾನ ಕಡದ ಹಾಕ್ತಾವು. ಗ್ವಾಂಜಾಳ ಹಾಕಿದ್ರ ಒಂದ ರಾತ್ರಿಗೆ ಸಪಾಟ. ಮನಿಯವರು ವರ್ಷದಾಗ ಎಂಟು ತಿಂಗಳು ಪುಣೆದಾಗ ಇರ್ತಾರ. ಅದಕ್ಕ ಬೆಳಿ ಕಾಯಾಕ ಬಾಯಿಂದ ಮದ್ದು ತುಂಬೂ ಠಾಸಣಿ ಬಂದೂಕಿಗೆ ಅರ್ಜಿ ಹಾಕಿದಾಕಿ ನಾನ. ಅರ್ಜಿ ಇನ್ನೂ ಕಚೇರ್ಯಾಗ ಐತಿ, ಆದ್ರ ಮಾವ, ಭಾವ, ಮೈದುನ ಮೂವರೂ ಕೂತು ಬೋರ್ ಆರಿಸಿ ಮುಗಿಸ್ಯಾರ: "12 ಬೋರೇ ಬೇಕು. ಅದಕ್ಕಿಂತ ಸಣ್ಣದು ಹಿಡದ್ರ ಮಂದಿ ನಗ್ತಾರ." ಹೊರಾಕಿ ನಾ, ಹೆಗಲು ನಂದು, ನಾಚಿಕಿ ಮಾತ್ರ ಅವರದು!

ಮೊದಲ ಬೋರ್ ಅಂದ್ರ ಏನು, ತಿಳಕೊಳ್ಳೋಣು. ಒಂದು ಪೌಂಡ್ ಸೀಸ, ಅಂದ್ರ ಸುಮಾರು 454 ಗ್ರಾಂ, ತಗೊಂಡು ಸಮಸಮ 12 ಉಂಡಿ ಕಟ್ಟಿದ್ರ ಒಂದು ಉಂಡಿ ಎಷ್ಟು ದಪ್ಪ ಆಗ್ತೈತೋ, ನಳಗಿ ಒಳಗ ಅಷ್ಟ ಅಗಲ ಇದ್ರ ಅದು 12 ಬೋರ್. ಅಷ್ಟ ಸೀಸದಾಗ 20 ಉಂಡಿ ಕಟ್ಟಿದ್ರ 20 ಬೋರ್. ಸೇಂಗಾ ಉಂಡಿ ಕಟ್ಟಿದಾಕಿಗೆ ಇದನ್ನ ಬಿಡಿಸಿ ಹೇಳೂದ ಬ್ಯಾಡ: ಉಂಡಿ ಹೆಚ್ಚಾದ್ರ ಉಂಡಿ ಸಣ್ಣಾಗ್ತಾವು. ಹಂಗಾಗಿ ಅಂಕಿ ದೊಡ್ಡದಾದಂಗ ಬಾಯಿ ಸಣ್ಣದು. 12 ಅಂದ್ರ 18.5 ಮಿಲಿಮೀಟರ್, 16 ಅಂದ್ರ 16.8, 20 ಅಂದ್ರ 15.6. "410" ಅಂತ ಒಂದು ಬರ್ತೈತಿ, ಅದು ಉಂಡಿ ಲೆಕ್ಕ ಅಲ್ಲ, ಇಂಚಿನ ಲೆಕ್ಕ: 0.410 ಇಂಚು, ಅಂದ್ರ 10.4 ಮಿಲಿಮೀಟರ್. ಕತ್ತಲಾಗ ಅಷ್ಟು ಸಣ್ಣ ಬಾಯಾಗ ಮದ್ದು ಸುರಿಯೂದು ಕಠಿಣ, ಅದೂ ನನಗ ಬ್ಯಾಡ.

"ಮೂರು ಮಿಲಿಮೀಟರಿಗೆ ಇಷ್ಟ ರಾಮಾಯಣ ಯಾಕ" ಅಂತ ಮೈದುನ ಕೇಳಿದ. ಬೋಗುಣಿ ಬಾಯಿ ಬೆರಳಗಲ ಹೆಚ್ಚಾದ್ರ ಎಷ್ಟು ಹೆಚ್ಚಿಗಿ ನೀರು ಹಿಡಿತೈತಿ ಅಂತ ಅವಗ ಗೊತ್ತಿಲ್ಲ, ನಮಗ ಗೊತ್ತೈತಿ. ನಳಗ್ಯಾಗ ಅಷ್ಟ ಎತ್ತರಕ್ಕ ಮದ್ದು ನಿಲ್ಲಬೇಕಂದ್ರ 20ಕ್ಕ ಐದು ಅಳತಿ ಹೋದಲ್ಲಿ 12ಕ್ಕ ಏಳು ಹೋಗ್ತೈತಿ. ಮದ್ದು, ಛರ್ರಾ ಹೆಚ್ಚಾದಂಗ ಹೆಗಲಿಗೆ ಗುದ್ದೂ ಹೆಚ್ಚು, ಖರ್ಚೂ ಹೆಚ್ಚು, ಮನ್ಯಾಗ ಇಡೂ ಮದ್ದೂ ಹೆಚ್ಚು. ನಳಗಿ ದಪ್ಪಾದ್ರ ಬಂದೂಕಿನ ಭಾರಾನೂ ಹೆಚ್ಚು.

ಇಷ್ಟೆಲ್ಲಾ ಹೆಚ್ಚು ಯಾಕ ಬೇಕು? ಹಂದಿ ಹೊಡಿಯಾಕ? ಹೊಡಿಯಾಂಗಿಲ್ರಿ. 1959ರ ಆಯುಧ ಕಾಯ್ದೆಯ 13ನೇ ಕಲಮಿನಾಗ ಬೆಳಿ ರಕ್ಷಣೆಗೆ ಖರೇನ ಬೇಕಿದ್ದವರಿಗೆ ಬಾಯಿಂದ ತುಂಬೂ ಬಂದೂಕಿನ ಲೈಸೆನ್ಸ್ ಬಗ್ಗೆ ಬ್ಯಾರೇನ ಬರದಾರ. ಆದ್ರ ಆ ಲೈಸೆನ್ಸ್ ಅಂದ್ರ ಬ್ಯಾಟಿ ಪರವಾನಗಿ ಅಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕಾಡಹಂದಿ ಕೊಲ್ಲಬೇಕಾದ್ರ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ನವಿಲಿಗಂತೂ ಕೈ ಹಚ್ಚೂದ ಬ್ಯಾಡ, ಅದು ಮೊದಲನೇ ಪಟ್ಟಿಯಾಗ ಐತಿ. ಕೇಸ್ ಆದ್ರ ಲೈಸೆನ್ಸ್ ಯಾರ ಹೆಸರಿಲೆ ಐತೋ ಅವರನ್ನ ಮೊದಲ ಕರಿತಾರ, ಅಂದ್ರ ನನ್ನ. ನನಗ ಬೇಕಾದದ್ದು ಒಂದ ಸಪ್ಪಳ. ಹಂದಿ ಕಿವಿಗೆ ಅದು 12 ಬೋರಿಂದೋ 20 ಬೋರಿಂದೋ ಅನ್ನೂ ಹಂಗಿಲ್ಲ.

ಅವರ ಮಾತಿನಾಗೂ ಒಂದೆರಡು ಖರೇ ಅದಾವು, ಮುಚ್ಚಿಡಂಗಿಲ್ಲ. 12 ಬೋರಿಗೆ ಮದ್ದಿನ ಮ್ಯಾಲ ಗಿಡಿಯೂ ರಟ್ಟಿನ ಬಿಲ್ಲಿ ಅಂಗಡ್ಯಾಗ ಲಗೂನ ಸಿಗ್ತಾವು. ಅಗಲ ನಳಗಿ ತಿಕ್ಕಿ ತೊಳಿಯೂದು ಹಗರ. ಅದರಾಗ ಕಡಿಮಿ ಮದ್ದು ಹಾಕಿದ್ರ ಗುದ್ದೂ ಕಡಿಮಿ. ಒಪ್ಪಿದೆ. ಆದ್ರ ದೊಡ್ಡ ಡಬರಿ ತಂದವರು ಅರ್ಧಾ ಡಬರಿ ಅನ್ನ ಮಾಡಿದ್ದು ಎಲ್ಲಿ ಕಂಡೀರಿ? "ಇನ್ನೊಂಚೂರು ಹಾಕು, ಸಪ್ಪಳ ಸಾಲೂದಿಲ್ಲ" ಅನ್ನೂ ನಾಲಿಗಿ ನಮ್ಮ ಮನ್ಯಾಗ ಮೂರದಾವು. ರಟ್ಟಿನ ಬಿಲ್ಲಿ ಸರಿ ಅಳತಿಗೆ ಕತ್ತರಿಸೂ ಉಳಿ ಒಮ್ಮೆ ಕೊಂಡ್ರ ಮುಗೀತು.

ಭಾವ ಕಡೀಕ ಹಲಗಲಿ ಬೇಡರ ಕಥಿ ತಗದ. ನಮ್ಮ ಮುಧೋಳದ ಕಡೆ ಹಲಗಲಿಯವರು 1857ರಾಗ ಇಂಗ್ರೇಜಿಯವರಿಗೆ ಆಯುಧ ಒಪ್ಪಸೂದಿಲ್ಲಂತ ಜೀವಾನ ಕೊಟ್ರು, ಖರೆ. ಅವರು ಹೋರಾಡಿದ್ದು ತಮ್ಮ ಕೈಯಾಗಿನ ಆಯುಧ ತಮ್ಮ ಕೈಯಾಗ ಇರಲಿ ಅಂತ. ನಂದೂ ಅದ ಮಾತಲ್ರಿ? ನನ್ನ ಕೈಯಾಗ ಹಿಡಿಯೂದನ್ನ ನಾನ ಆರಿಸ್ತೀನಿ.

ಬೋರಿಗಿಂತ ಮೊದಲ ನೋಡಬೇಕಾದದ್ದು ಇವರಿಗೆ ಒಬ್ಬರಿಗೂ ಹೊಳೀಲಿಲ್ಲ: ಉದ್ದ. ಈ ಬಂದೂಕ ನೆಲಕ್ಕ ನಿಲ್ಲಿಸಿ ಬಾಯಿಂದ ತುಂಬಬೇಕು. ನಾ ಐದು ಫೂಟಿನಾಕಿ. ಬಂದೂಕ ನನ್ನ ಎದಿಮಟ್ಟಕ್ಕ ಬಂದ್ರ ಮಾರಿ ಬಾಜೂಕ ಇಟ್ಟು ಮದ್ದು ಸುರಿಬಹುದು. ಮಾರಿಮಟ್ಟಕ್ಕ ಬಂದ್ರ ಅದರ ಬಾಯಿ ನನ್ನ ಕಣ್ಣಿಗೆ ನೇರ. ಆರು ಫೂಟಿನ ಗಂಡಸಿನ ಅಳತಿಗೆ ತಂದ ಬಂದೂಕ ಐದು ಫೂಟಿನ ಹೆಂಗಸಿಗೆ ಅಪಾಯ.

ಇನ್ನು ಯಾವ ಬೋರ್ ಇದ್ರೂ ಬಿಡಬಾರದ ಪಥ್ಯ. ಮದ್ದು ಡಬ್ಬಿಯಿಂದ ನೇರ ನಳಗಿಗೆ ಸುರಿಬ್ಯಾಡ್ರಿ, ಒಳಗ ಕಿಡಿ ಉಳದಿದ್ರ ಡಬ್ಬೀನ ಹಾರ್ತೈತಿ. ಬ್ಯಾರೆ ಅಳತಿ ಚಮಚದಾಗ ತಗೊಂಡು ಹಾಕ್ರಿ. ಗಿಡಿಯೂ ಸರಳಿನ ಮ್ಯಾಲ ಖಾಲಿ ಇದ್ದಾಗ ಒಂದು ಗೆರಿ, ತುಂಬಿದಾಗ ಒಂದು ಗೆರಿ ಕೊರೀರಿ, ಮರತು ಎರಡು ಸಲ ತುಂಬೂದು ತಪ್ಪತೈತಿ. ಕೇಪು ಎಲ್ಲಾದಕ್ಕೂ ಕಡೀಕ ಹಚ್ಚೂದು. ಮದ್ದು, ಕೇಪು ಬ್ಯಾರೆ ಬ್ಯಾರೆ ಕೀಲಿಯೊಳಗ, ಒಲಿ-ಗ್ಯಾಸಿನಿಂದ ದೂರ. ಅಡಗಿಮನಿ ಅಟ್ಟದ ಮ್ಯಾಲ ಮದ್ದಿನ ಡಬ್ಬಿ ಇಡೂ ಗಂಡಸಿಗೆ ಅವತ್ತ ಊಟ ಹಾಕಬ್ಯಾಡ್ರಿ.

ಹೊಲದ ಸುತ್ತ ಹಂದಿ ಬರಬಾರದಂತ ಕಟ್ಟಿದ ಹಳೆ ಸೀರಿ ಯಾರವು? ನಮ್ಮವು. ರಾತ್ರಿ ಡಬ್ಬಿ ಬಡಿಯೂ ಕೈ ಯಾರವು? ನಮ್ಮವು. ಕಾವಲು ನಮಗ, ಬಂದೂಕಿನ ಲೆಕ್ಕ ಮಾತ್ರ ಅವರಿಗೆ ಅಂದ್ರ ಯಾವ ನ್ಯಾಯ? ನಿಮ್ಮ ಮನ್ಯಾಗೂ ಇಂಥಾ ಮಾತು ಬಂದ್ರ ಮೂರು ಪ್ರಶ್ನೆ ಕೇಳ್ರಿ: ಹೊರವರು ಯಾರು? ತುಂಬವರು ಯಾರು? ಪೊಲೀಸರು ಕರದ್ರ ಹೋಗವರು ಯಾರು? ಮೂರಕ್ಕೂ ಉತ್ತರ ನಿಮ್ಮ ಹೆಸರಿದ್ರ, ಬೋರ್ ಆರಸವರೂ ನೀವ. ನಂದು 20, ಎದಿಮಟ್ಟದ್ದು, ಲೈಸೆನ್ಸ್ ಇದ್ದ ಅಂಗಡಿಯಿಂದ. ನಗವರು ನಗಲಿ, ಕಬ್ಬ ಉಳೀಲಿ.