ಮೊದಲು ಹೆಸರು ಕೇಳೋಣ

ಅನ್ಯ ಸಂಸ್ಕೃತಿಯವರೊಡನೆ ವ್ಯವಹರಿಸುವುದನ್ನು ಕಲಿಸಲು ಈಗ ಶಿಬಿರಗಳೇ ನಡೆಯುತ್ತವೆ. ಕೈ ಹೇಗೆ ಕುಲುಕಬೇಕು, ಎಷ್ಟು ನಗಬೇಕು ಎಂದು ಅಲ್ಲಿ ಹೇಳಿಕೊಡುತ್ತಾರೆ. ವಿದೇಶಕ್ಕೆ ಹೊರಟವರಿಗೆ ಅದರಿಂದ ಪ್ರಯೋಜನವಿರಬಹುದು. ನಮ್ಮ ಬೀದಿಗೇ ಬಂದು ದುಡಿಯುತ್ತಿರುವವರೊಡನೆ ನಾವು ಹೇಗೆ ಮಾತನಾಡುತ್ತೇವೆ ಎಂಬುದು ನನ್ನ ಪ್ರಶ್ನೆ.

ಉತ್ತರ ಭಾರತದಲ್ಲಿ ಯಾರಾದರೂ ನಮ್ಮನ್ನು ‘ಮದ್ರಾಸಿ’ ಎಂದರೆ ನಾವು ಕೆರಳುತ್ತೇವೆ. ಕೆರಳಬೇಕಾದದ್ದೇ. ಆದರೆ ಬೆಂಗಳೂರಿನ ಹೋಟೆಲಿನಲ್ಲಿ ತಟ್ಟೆ ತಂದಿಡುವ ಹುಡುಗನ ಮುಖ ಕಂಡೊಡನೆ ‘ನೇಪಾಳಿ’ ಎಂದು ತೀರ್ಮಾನಿಸುವವರೂ ನಾವೇ. ಆತ ಮಣಿಪುರದವನಿರಬಹುದು, ಮಿಜೋರಾಮಿನವನಿರಬಹುದು, ಅಸ್ಸಾಮಿನ ಬೋಡೊ ಇರಬಹುದು. ಇವು ಮೂರು ಬೇರೆ ಬೇರೆ ಭಾಷೆಗಳ ನಾಡು. ಮಣಿಪುರಿ ಭಾಷೆಯು 1992ರ ಮತ್ತು ಬೋಡೊ ಭಾಷೆಯು 2003ರ ತಿದ್ದುಪಡಿಯಿಂದ, ಕನ್ನಡವಿರುವ ಸಂವಿಧಾನದ ಎಂಟನೆಯ ಅನುಸೂಚಿಯಲ್ಲೇ ಸ್ಥಾನ ಪಡೆದಿವೆ. ನಮ್ಮ ಕಣ್ಣಿಗೆ ಮಾತ್ರ ಎಲ್ಲರೂ ಒಂದೇ.

ಇದು ಕೇವಲ ಶಿಷ್ಟಾಚಾರದ ಮಾತಲ್ಲ. 2012ರ ಆಗಸ್ಟ್ ತಿಂಗಳನ್ನು ನೆನಪಿಸಿಕೊಳ್ಳಿ. ಈಶಾನ್ಯದವರ ಮೇಲೆ ದಾಳಿಯಾಗಲಿದೆಯೆಂಬ ವದಂತಿ ಹಬ್ಬಿ, ಸಾವಿರಾರು ಜನ ಗುವಾಹಟಿಯ ರೈಲು ಹತ್ತಿ ಬೆಂಗಳೂರನ್ನು ತೊರೆದರು. ಸರ್ಕಾರ ಭರವಸೆ ನೀಡಿತು. 15 ದಿನ ಸಾಮೂಹಿಕ ಎಸ್ಎಂಎಸ್ ನಿಷೇಧಿಸಿತು. ಆದರೂ ಜನ ಹೊರಟರು. ಏಕೆ? ‘ಇದು ಸುಳ್ಳು, ನಾನಿದ್ದೇನೆ, ಹೋಗಬೇಡಪ್ಪ’ ಎಂದು ಹೆಸರು ಹಿಡಿದು ಕರೆದು ಹೇಳಬಲ್ಲ ನೆರೆಯವರು ಅವರಲ್ಲಿ ಎಷ್ಟು ಜನರಿಗಿದ್ದರು? ಪರಿಚಯವಿಲ್ಲದ ಕಡೆ ವದಂತಿಯೇ ಸತ್ಯವಾಗುತ್ತದೆ.

‘ಬಂದವರು ಕನ್ನಡ ಕಲಿಯಲಿ’ ಎನ್ನುವಿರಿ. ಖಂಡಿತ ಕಲಿಯಲಿ, ಬದುಕಿನುದ್ದಕ್ಕೂ ಪಾಠ ಹೇಳಿದ ನಾನು ಬೇರೆ ಹೇಳಲಾರೆ. ಆದರೆ ಕಲಿಸುವವರು ಯಾರು? ಅವರು ಎದುರಿಗೆ ಬಂದೊಡನೆ ನಮ್ಮ ನಾಲಗೆ ಹರಕು ಹಿಂದಿಗೆ ಹೊರಳುತ್ತದೆ. ಹತ್ತು ವರ್ಷ ಅವರೊಡನೆ ಹಿಂದಿಯಾಡಿ, ಹನ್ನೊಂದನೆಯ ವರ್ಷ ‘ಇನ್ನೂ ಕನ್ನಡ ಬಾರದೇ?’ ಎಂದು ಗದರುವುದು ಯಾವ ನ್ಯಾಯ? ಜರ್ಮನಿಯಿಂದ 1853ರಲ್ಲಿ ಬಂದ ಕಿಟೆಲ್ಲರು 1894ರಲ್ಲಿ ಮಹಾನಿಘಂಟನ್ನೇ ಕೊಟ್ಟರು. ಅವರ ಶ್ರಮ ದೊಡ್ಡದು. ಅವರಿಗೆ ಬೇಸರಿಸದೆ ಕನ್ನಡ ಹೇಳಿಕೊಟ್ಟ ನಮ್ಮ ಹಿರಿಯರ ತಾಳ್ಮೆಯೂ ಸಣ್ಣದಲ್ಲ.

ಇದಕ್ಕೆ ಶಿಬಿರ ಬೇಡ, ಶುಲ್ಕ ಬೇಡ. ಹೆಸರು ಕೇಳಿ, ತಪ್ಪಿಲ್ಲದೆ ಉಚ್ಚರಿಸಿ. ಊರು ಕೇಳಿ, ಭೂಪಟದಲ್ಲಿ ಹುಡುಕಿ. ಅವರ ಭಾಷೆಯ ಒಂದೆರಡು ಮಾತು ಕಲಿಯಿರಿ. ನಿಧಾನವಾಗಿ, ಕನ್ನಡದಲ್ಲೇ ‘ಊಟ ಆಯಿತೇ?’ ಎನ್ನಿ. ಇಷ್ಟನ್ನೂ ಮಾಡದವರಿಗೆ ಅತಿಥಿ ಸತ್ಕಾರದ ಬಗ್ಗೆ ಭಾಷಣ ಮಾಡುವ ಅಧಿಕಾರವಿಲ್ಲ.