ಕಟ್ಟಡಕ್ಕೂ ವಯಸ್ಸಿನ ಅಳತೆಯೆ?

ಪ್ರಗತಿ ಮೈದಾನದ ‘ಹಾಲ್ ಆಫ್ ನೇಷನ್ಸ್’ ಇಂದು ಇಲ್ಲ. 1972ರಲ್ಲಿ ‘ಏಷ್ಯಾ 72’ ಅಂತರರಾಷ್ಟ್ರೀಯ ವ್ಯಾಪಾರ ಮೇಳಕ್ಕೆಂದು ಎದ್ದ ಆ ಭವನವನ್ನು 2017ರ ಏಪ್ರಿಲ್‌ನಲ್ಲಿ ರಾತ್ರೋರಾತ್ರಿ ಕೆಡವಿದರು. ಅದರ ರೂಪ ರಾಜ್ ರೇವಾಲರದು, ಲೆಕ್ಕಾಚಾರ ಇಂಜಿನಿಯರ್ ಮಹೇಂದ್ರ ರಾಜರದು. ನಡುವೆ ಒಂದೂ ಕಂಬವಿಲ್ಲದ ಇಂಥ ಜಾಲರಿ ಭವನಗಳನ್ನು ಹೊರದೇಶಗಳಲ್ಲಿ ಉಕ್ಕಿನಿಂದ ಕಟ್ಟುತ್ತಿದ್ದರು. ನಮ್ಮಲ್ಲಿ ಆಗ ಉಕ್ಕು ದುಬಾರಿ, ದುಡಿಯುವ ಕೈಗಳು ಹೇರಳ. ಆದ್ದರಿಂದ ಸ್ಥಳದಲ್ಲಿಯೇ ಕಾಂಕ್ರೀಟ್ ಹೊಯ್ದು ಕಟ್ಟಿದರು. ಹೋಟೆಲಿನಲ್ಲಿ ದುಡಿದ ನಮಗೆ ಗೊತ್ತು: ಅಡಿಗೆ ರುಚಿಯಾದರೆ ಹೆಸರು ಮಾಲೀಕರಿಗೆ. ಅಲ್ಲಿಯೂ ಕೂಲಿಗಳ ಹೆಸರನ್ನು ಯಾರೂ ಕೇಳಲಿಲ್ಲ.

ಉಳಿಸಿರೆಂದವರಿಗೆ ಸಿಕ್ಕ ಉತ್ತರವೇನು? 60 ವರ್ಷ ತುಂಬದ ಕಟ್ಟಡ ಪರಂಪರೆಯಲ್ಲವಂತೆ! ಪ್ಯಾರಿಸಿನ ಐಫೆಲ್ ಗೋಪುರವೂ 1889ರ ಮೇಳದ್ದೇ. ಅದಕ್ಕೆ ಕೊಟ್ಟಿದ್ದ ಅವಧಿ 20 ವರ್ಷ. ರೇಡಿಯೋ ಸಂದೇಶಕ್ಕೆ ಉಪಯೋಗವಾಯಿತು, ಉಳಿಯಿತು.

ಹೊಸ ಸಭಾಭವನ ಬೇಡವೆಂಬ ವಾದ ನಮ್ಮದಲ್ಲ. ಆ ಮೈದಾನದ ಭಾರತ ಮಂಟಪದಲ್ಲಿ 2023ರಲ್ಲಿ ಜಿ-20 ಸಮ್ಮೇಳನವೂ ನಡೆಯಿತು. ಆದರೆ ಹಳೆಯದನ್ನು ಕೆಡವದೆ ಹೊಸದಕ್ಕೆ ಜಾಗವೇ ಇರಲಿಲ್ಲವೆ?

ನಮ್ಮ ಹೌಜ್ ಖಾಸಿನಲ್ಲಿ ಫಿರೋಜ್ ಶಾಹನ ಗೋರಿ, ಮದರಸಾಗಳಿಗೆ ಆರು ಶತಮಾನ ಕಳೆದಿದೆ. ಕಾನೂನಿನ ಕಾವಲೂ ಇದೆ. ಒಮ್ಮೆ ಅವಕ್ಕೂ 45 ವರ್ಷವೇ ಆಗಿತ್ತಲ್ಲವೆ? ಇಲ್ಲೇ ಸಮೀಪದಲ್ಲಿ ರೇವಾಲರೇ ರೂಪಿಸಿದ, 1982ರ ಏಷ್ಯನ್ ಕ್ರೀಡಾಕೂಟದ ಗ್ರಾಮವಿದೆ. ಅದಕ್ಕೆ 60 ತುಂಬುವುದು 2042ಕ್ಕೆ. ಅಲ್ಲಿಯವರೆಗೆ ಕಾಯುವುದು ಬೇಡ. ಕಟ್ಟಡದ ಬೆಲೆಯನ್ನು ವಯಸ್ಸಿನಿಂದಲ್ಲ, ಅದರಲ್ಲಿರುವ ಬುದ್ಧಿ ಮತ್ತು ದುಡಿಮೆಯಿಂದ ಅಳೆಯಿರೆಂದು ನಾವೆಲ್ಲ ಈಗಲೇ ಕೇಳಬೇಕು.